ಅರುವತ್ತು ಕೆಜಿಯ ನಿಯಮ

ನಮ್ಮೂರಿನ ಕಬಡ್ಡಿಗೆ ಅರುವತ್ತು ಕೆಜಿಯ ನಿಯಮ ತಂದವನು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈಗ ಕ್ಲಬ್ಬಿನಲ್ಲಿ ಯಾರನ್ನು ಕೇಳಿದರೂ ‘ಅದು ಆಗ ಎಲ್ಲ ಕಡೆ ಇತ್ತು, ಇಲ್ಲಿಗೂ ಬಂತು’ ಅನ್ನುತ್ತಾರೆ, ಮಳೆ ಬಂದ ಹಾಗೆ. ನಿಯಮ ತಾನಾಗಿ ಬರುವುದಿಲ್ಲ. ಯಾರೋ ಒಬ್ಬ ಎದ್ದು ನಿಂತು ಹೇಳಬೇಕು, ಉಳಿದವರು ಚಪ್ಪಾಳೆ ತಟ್ಟಬೇಕು. ನಮ್ಮೂರು ಬಾಯಾರಿನ ಕ್ಲಬ್ಬಿನ ಮಹಾಸಭೆಯಲ್ಲಿ ಎದ್ದು ನಿಂತವನು ನಾನು.

ಎರಡು ಸಾವಿರದ ಇಸವಿ ದಾಟಿ ಮೂರು ನಾಲ್ಕು ವರ್ಷ ಆಗಿರಬೇಕು. ಅಲ್ಲಿಯ ತನಕ ನಮ್ಮಲ್ಲಿ ಕಬಡ್ಡಿಗೆ ತೂಕದ ಮಿತಿ ಇರಲಿಲ್ಲ. ಗೆಲ್ಲಲೇಬೇಕೆಂದು ಹಟ ಹಿಡಿದ ತಂಡಗಳು ಹೊರಗಿನಿಂದ ಆಟಗಾರರನ್ನು ಕರೆಸುತ್ತಿದ್ದವು. ಎಂಬತ್ತು, ಎಂಬತ್ತೈದು ಕೆಜಿಯ ಆಳುಗಳು. ಅವರು ಇಳಿದರೆ ಜೀಪು ಒಂದು ಗೇಣು ಮೇಲೇಳುತ್ತಿತ್ತು. ನಮ್ಮ ಕಡೆಯವರೋ ಅಡಿಕೆ ಮರ ಹತ್ತುವವರು, ರಬ್ಬರ್ ಟ್ಯಾಪಿಂಗ್‌ನವರು, ಪೇಂಟಿಂಗ್ ಕೆಲಸದವರು. ಪಕ್ಕೆಲುಬು ಎಣಿಸಬಹುದಾದ ಮೈ. ಒಂದು ವರ್ಷ ನಮ್ಮ ಒಬ್ಬ ರೈಡರಿನ ಮೇಲೆ ಮೂವರು ಒಟ್ಟಿಗೆ ಬಿದ್ದು ಅವನ ಹೆಗಲಿನ ಎಲುಬು ಮುರಿಯಿತು. ಆ ಶಬ್ದ ಕುರ್ಚಿ ಹಾಕಿ ಕೂತಿದ್ದ ನಮಗೂ ಕೇಳಿತು. ಅವನು ಮತ್ತೆ ಮರ ಹತ್ತಲಿಲ್ಲ.

ಆ ಸಿಟ್ಟು ಆರುವ ಮೊದಲೇ ಮಹಾಸಭೆ ಬಂತು. ನಾನು ಎದ್ದು ನಿಂತು ಹೇಳಿದೆ, "ಇದು ಆಟ ಅಲ್ಲ ಮಾರಾಯ್ರೇ, ಗೋಣಿಯ ಮೇಲೆ ಗೋಣಿ ಅಟ್ಟಿ ಹಾಕುದು. ಅರುವತ್ತು ಕೆಜಿಗಿಂತ ಮೇಲಿದ್ದವನಿಗೆ ನಮ್ಮ ಅಂಕಣದಲ್ಲಿ ಜಾಗ ಬೇಡ."

"ತೂಗುದು ಯಾರು?" ಎಂದು ಅಧ್ಯಕ್ಷರು ಕೇಳಿದರು.

"ನನ್ನ ತಕ್ಕಡಿ ಉಂಟಲ್ಲ."

ನನ್ನದು ಅಡಿಕೆ, ಕರಿಮೆಣಸು, ರಬ್ಬರ್ ಶೀಟು ತೆಗೆದುಕೊಳ್ಳುವ ಅಂಗಡಿ. ಗೋಣಿ ಇಟ್ಟು ತೂಗುವ ದೊಡ್ಡ ಹಲಗೆಯ ತಕ್ಕಡಿ ಅದು. ವರ್ಷ ವರ್ಷ ಮುದ್ರೆ ಹಾಕಿಸಿದ್ದು. ‘ಅವನ ತಕ್ಕಡಿಯಲ್ಲಿ ಹೆಂಡತಿಗೂ ರಿಯಾಯಿತಿ ಇಲ್ಲ’ ಎಂದು ಊರಿನವರು ತಮಾಷೆ ಮಾಡುತ್ತಿದ್ದರು. ನಾನದನ್ನು ಹೊಗಳಿಕೆ ಎಂದೇ ತಿಳಿದಿದ್ದೆ. ಈಗಲೂ ಆ ಮಾತು ಕೇಳಿದರೆ ಮೊದಲು ಸಣ್ಣ ಹೆಮ್ಮೆ ಬರುತ್ತದೆ, ಅದರ ಹಿಂದೆಯೇ ನಾಚಿಕೆ.

ಮೊದಲೆರಡು ವರ್ಷ ಆಟ ನಿಜಕ್ಕೂ ಚಂದವಾಯಿತು. ಇದನ್ನು ಹೇಳದಿದ್ದರೆ ನನಗೇ ನಾನು ಮೋಸ ಮಾಡಿದ ಹಾಗೆ. ಬಡಕಲು ಹುಡುಗರ ಕಾಲು ಮಿಂಚಿನಂತೆ ಓಡುತ್ತಿತ್ತು. ರಕ್ತ ಕಡಿಮೆಯಾಯಿತು, ಕೂಗು ಹೆಚ್ಚಾಯಿತು. ಟೂರ್ನಮೆಂಟಿನ ದಿನ ಮಧ್ಯಾಹ್ನ ಮೂರರಿಂದ ಐದರವರೆಗೆ ನನ್ನ ತಕ್ಕಡಿಯನ್ನು ಶಾಲೆಯ ಜಗಲಿಯಲ್ಲಿ ಇಡುತ್ತಿದ್ದರು. ಆಟಗಾರರು ಚಡ್ಡಿಯಲ್ಲಿ ಸಾಲಾಗಿ ಬಂದು ಹತ್ತಿ ನಿಲ್ಲಬೇಕು, ಎದುರು ತಂಡದ ಕ್ಯಾಪ್ಟನ್ ಪಕ್ಕದಲ್ಲಿ ನಿಂತು ನೋಡಬೇಕು, ಸರಿಯಿದ್ದರೆ ನಾನು ಅವರ ಮುಂಗೈ ಮೇಲೆ ಮಾರ್ಕರಿನಲ್ಲಿ ಸಹಿ ಹಾಕಬೇಕು. ಐದು ಗಂಟೆಯ ನಂತರ ಯಾರಿಗೂ ಸಹಿ ಇಲ್ಲ. ಅದೂ ನನ್ನದೇ ನಿಯಮ.

ನೀನು ಚಾಪೆಯ ಕೆಳಗೆ ನುಸುಳಿದರೆ ನಾನು ರಂಗೋಲಿಯ ಕೆಳಗೆ ನುಸುಳುತ್ತೇನೆ ಅನ್ನುತ್ತಾರಲ್ಲ, ಮೂರನೆಯ ವರ್ಷಕ್ಕೆ ಹಾಗೇ ಆಯಿತು. ತೂಕದವರು ಆಟ ಬಿಡಲಿಲ್ಲ, ತೂಕ ಬಿಟ್ಟರು. ಅರುವತ್ತೈದರವನು ಒಂದು ವಾರ ಅನ್ನ ಬಿಟ್ಟು, ಎರಡು ದಿನ ನೀರು ಬಿಟ್ಟು, ಕಣ್ಣು ಗುಳಿಬಿದ್ದು ತಕ್ಕಡಿಗೆ ಬರುತ್ತಿದ್ದ. ಮಳೆಗಾಲದಲ್ಲಿ ರಬ್ಬರ್ ಮರಕ್ಕೆ ಸುತ್ತುವ ಪ್ಲಾಸ್ಟಿಕ್ಕನ್ನು ಹೊಟ್ಟೆಗೆ ಸುತ್ತಿ, ಸುಡುಬಿಸಿಲಿನಲ್ಲಿ ಗುಡ್ಡದ ಮೇಲಿನ ಬೋಳು ಪದವಿನಲ್ಲಿ, ಕಾದ ಮುರಕಲ್ಲಿನ ಮೇಲೆ ಓಡುತ್ತಿದ್ದರು. ತಲೆ ಬೋಳಿಸುತ್ತಿದ್ದರು. ಸಾಲಿನಲ್ಲಿ ನಿಂತೇ ಉಗುಳುತ್ತಿದ್ದರು, ಉಗುಳೂ ತೂಕವೇ ಎಂದು. ನಾವೆಲ್ಲ ನಗುತ್ತಿದ್ದೆವು. ಸಹಿ ಬಿದ್ದ ಕೂಡಲೇ ಅವರು ಸೀಯಾಳದ ಮೇಲೆ ಸೀಯಾಳ, ಸೋಡಾದ ಮೇಲೆ ಸೋಡಾ ಕುಡಿಯುವುದನ್ನು ನೋಡಲಿಕ್ಕೇ ಜನ ಸೇರುತ್ತಿದ್ದರು.

ಹಾಗೆ ಕುಡಿಯುವವರಲ್ಲಿ ನನ್ನ ಭಾವನೂ ಒಬ್ಬ. ಅವನೂ ನಾನೂ ಒಂದೇ ಬೆಂಚಿನಲ್ಲಿ ಕೂತು ಕಲಿತವರು. ಆಮೇಲೆ ನನ್ನ ತಂಗಿಯನ್ನು ಮದುವೆಯಾದ. ಮದುವೆಯ ಮರುದಿನ ನಾನು ಮರ್ಯಾದೆಗೆ "ಬನ್ನಿ ಭಾವ, ಕುಳಿತುಕೊಳ್ಳಿ" ಅಂದದ್ದಕ್ಕೆ ಹೊಟ್ಟೆ ಹಿಡಿದು ನಕ್ಕು, "ಭಾವ ಸಾಕು, ಬನ್ನಿ ಬೇಡ ಮಾರಾಯ" ಎಂದಿದ್ದ. ಅವನಿಗೆ ಮೂರು ಎಕರೆ ರಬ್ಬರ್ ಇತ್ತು. ನಮ್ಮ ತಂಡದ ಕ್ಯಾಪ್ಟನ್, ನಮಗಿದ್ದ ಒಬ್ಬನೇ ನಂಬಿಕೆಯ ರೈಡರ್. ಸಹಜ ತೂಕ ಅರುವತ್ತನಾಲ್ಕು. ವರ್ಷಕ್ಕೆ ಆರೇಳು ಸಲ ಆ ನಾಲ್ಕು ಕೆಜಿ ಇಳಿಸುತ್ತಿದ್ದ, ಮತ್ತೆ ಹತ್ತಿಸುತ್ತಿದ್ದ. ಮೊಣಕಾಲಿನ ನೋವಿಗೆ ಪ್ರತಿ ಪಂದ್ಯದ ಮೊದಲು ಎರಡು ಮಾತ್ರೆ ನುಂಗುತ್ತಿದ್ದ. ತಂಗಿ ಬೈದರೆ, "ನಿಯಮ ಮಾಡಿದ್ದು ನಿನ್ನ ಅಣ್ಣ, ಅವನಿಗೆ ಬೈ" ಅನ್ನುತ್ತಿದ್ದ. ತಮಾಷೆಗೆ.

ಹೀಗೆ ನಾಲ್ಕೈದು ವರ್ಷ ನಡೆದ ಮೇಲೆ ಒಂದು ವರ್ಷ, ಎಪ್ರಿಲಿನ ಬಿಸು ಹಬ್ಬ ಕಳೆದ ಮೊದಲ ಭಾನುವಾರ ನಮ್ಮದೇ ಕ್ಲಬ್ಬಿನ ಟೂರ್ನಮೆಂಟ್. ನಮ್ಮ ಅಂಕಣದಲ್ಲಿ ನಮ್ಮದೇ ಕಪ್ ನಮಗೆ ಒಮ್ಮೆಯೂ ಸಿಕ್ಕಿರಲಿಲ್ಲ. ಭಾವನಿಗೆ ಮೂವತ್ತೆರಡು ದಾಟಿತ್ತು. "ಇದೊಂದು ವರ್ಷ, ಮತ್ತೆ ನಿಲ್ಲಿಸ್ತೇನೆ" ಎಂದು ತಂಗಿಗೆ ಮಾತು ಕೊಟ್ಟಿದ್ದ.

ನಾಲ್ಕು ಗಂಟೆಗೆ ಅವನು ತಕ್ಕಡಿ ಹತ್ತಿದ. ಕೈಯ ಉಂಗುರ, ಸೊಂಟದ ಉಡಿದಾರ ಎರಡನ್ನೂ ಬಿಚ್ಚಿ ನನ್ನ ಅಂಗೈಯಲ್ಲಿ ಇಟ್ಟಿದ್ದ. ತುಟಿ ಸಿಪ್ಪೆ ಎದ್ದಿತ್ತು. ನಾನು ದಂಡದ ಮೇಲಿನ ಗುಂಡನ್ನು ಮೆಲ್ಲಗೆ ಸರಿಸಿದೆ.

"ಮುನ್ನೂರು ಗ್ರಾಂ ಜಾಸ್ತಿ ಉಂಟು ಭಾವ."

ಎದುರು ತಂಡದ ಕ್ಯಾಪ್ಟನ್ ಬಗ್ಗಿ ನೋಡಿದ. ಹಿಂದಿನ ವರ್ಷ ಅವನ ತಂಡದ ಒಬ್ಬನನ್ನು ಇನ್ನೂರು ಗ್ರಾಮಿಗೆ ವಾಪಸು ಕಳಿಸಿದವನು ನಾನು. ಆದರೂ ಸತ್ಯ ಹೇಳುತ್ತೇನೆ, ಆ ಮನುಷ್ಯ ನನ್ನ ಮುಖ ನೋಡಿ, "ಬಿಡಿ ಮಾರಾಯ್ರೇ, ಸಹಿ ಹಾಕಿ. ಮುನ್ನೂರು ಗ್ರಾಮಿನಲ್ಲಿ ಎಂತ ಉಂಟು" ಎಂದ.

ನಾನು ಒಪ್ಪಬಹುದಿತ್ತು. ಸುತ್ತ ಜನ ನಿಂತಿದ್ದರು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. "ನಮ್ಮವರಿಗೆ ಒಂದು, ಬೇರೆಯವರಿಗೆ ಒಂದು ಇಲ್ಲ. ಐದು ಗಂಟೆಯವರೆಗೆ ಸಮಯ ಉಂಟು" ಎಂದೆ. ಯಾರೋ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನನಗೆ ಹಿತವಾಯಿತು.

ಅವನಲ್ಲಿ ಓಡುವ ಶಕ್ತಿ ಇರಲಿಲ್ಲ. "ಹೊಗೆಮನೆಗೆ ಹೋಗುವ" ಎಂದ. ರಬ್ಬರ್ ಶೀಟು ಒಣಗಿಸಲು ಅವನ ಮನೆಯ ಹಿಂದೆ ಕಲ್ಲಿನ ಸಣ್ಣ ಕೋಣೆ ಇತ್ತು. ಕೆಳಗೆ ಗುಂಡಿಯಲ್ಲಿ ತೆಂಗಿನ ಸಿಪ್ಪೆಯ ಕೆಂಡ, ಮೇಲೆ ಬಿದಿರಿನ ಮೇಲೆ ಶೀಟುಗಳು. ಒಳಗೆ ಕೈ ಹಾಕಿದರೆ ಸಾಕು, ಬೆವರುತ್ತದೆ. ಆಟಗಾರರು ಅಲ್ಲಿ ಕೂರುವುದು ಹೊಸತೇನಲ್ಲ, ಊರಿಗೇ ಗೊತ್ತಿದ್ದ ಉಪಾಯ. ತೂಗಲು ಬಾಕಿ ಉಳಿದವನು ಅವನೊಬ್ಬನೇ, ನಾನೇ ಬೈಕಿನಲ್ಲಿ ಕೂರಿಸಿಕೊಂಡು ಹೋದೆ. ಅವನು ಪ್ಲಾಸ್ಟಿಕ್ ಸುತ್ತಿಕೊಂಡು ಒಳಗೆ ಕೂತ. ಬಿಸಿ ಹೊರಗೆ ಹೋಗದ ಹಾಗೆ ಬಾಗಿಲು ಎಳೆದು ಹೊರಗಿನಿಂದ ಚಿಲಕ ಹಾಕಿದ್ದು ನನ್ನ ಕೈ.

ತಂಗಿ ಚೊಂಬಿನಲ್ಲಿ ಮಜ್ಜಿಗೆ ನೀರು ಹಿಡಿದುಕೊಂಡು ಬಂದಳು. ಒಳಗಿನಿಂದ ಅವನ ಕೆಮ್ಮು ಕೇಳುತ್ತಿತ್ತು.

"ಅಣ್ಣ, ಒಂದು ಗುಟುಕು ಕೊಡ್ತೇನೆ. ಬಾಯಿ ಒದ್ದೆ ಆಗುವಷ್ಟು."

"ಈಗ ಬೇಡ. ಐದು ಗಂಟೆ ಆಗಲಿ."

"ಅವರಿಗೆ ಆಗುದಿಲ್ಲ ಅಣ್ಣ."

"ಬೇಡ ಅಂದರೆ ಬೇಡ. ನೀನು ಕೊಟ್ಟರೆ ಇಷ್ಟು ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ."

ಅವಳು ಚೊಂಬನ್ನು ಮೆಟ್ಟಿಲ ಮೇಲಿಟ್ಟು ಅಲ್ಲೇ ನಿಂತಳು. ಹೋಗಲಿಲ್ಲ, ಅಳಲೂ ಇಲ್ಲ.

ಐದಕ್ಕೆ ಹತ್ತು ನಿಮಿಷ ಇರುವಾಗ, ಮತ್ತೆ ಶಾಲೆಯ ಜಗಲಿಯಲ್ಲಿ, ಗುಂಡು ಸರಿಯಾಗಿ ಅರುವತ್ತರಲ್ಲಿ ನಿಂತಿತು. ನಾನು ಅವನ ಮುಂಗೈ ಮೇಲೆ ಸಹಿ ಹಾಕಿದೆ. ಚರ್ಮ ಒಲೆಯ ಮೇಲಿನ ಕಾವಲಿಯ ಹಾಗೆ ಬಿಸಿ, ಆದರೆ ಒಂದು ಹನಿ ಬೆವರಿಲ್ಲ. ಅದು ಕೆಟ್ಟ ಲಕ್ಷಣ ಎಂದು ನನಗೆ ಆಗ ಗೊತ್ತಿರಲಿಲ್ಲ. ಸೀಯಾಳ ಕೊಟ್ಟರೆ ವಾಂತಿ ಮಾಡಿದ.

ಮೊದಲ ಪಂದ್ಯ ನಮ್ಮದೇ. ಇನ್ನೂ ಬೆಳಕಿತ್ತು. ಅವನ ಮೂರನೆಯ ರೈಡಿನಲ್ಲಿ ‘ಕಬಡ್ಡಿ ಕಬಡ್ಡಿ’ ಎಂಬ ಸ್ವರ ನಡುವೆ ನಿಂತಿತು. ಸ್ವರ ನಿಂತರೆ ಔಟು, ಅಂಪಾಯರ್ ಸೀಟಿ ಊದಿ ಕೈ ಎತ್ತಿದ. ನಿಯಮ ಪ್ರಕಾರ ಸರಿಯೇ. ಆಮೇಲೆ ಭಾವ ಮೊಣಕಾಲೂರಿ ಬಿದ್ದ. ಇದೂ ಒಂದು ತಂತ್ರ ಎಂದು ಎಣಿಸಿದ ಎದುರಿನವರು ಅವನ ಕಾಲು ಹಿಡಿದು ಮೇಲೆ ಬಿದ್ದರು. ಬಿಡಿಸಿ ಎತ್ತುವಾಗ ಅವನು ಏನೇನೋ ಮಾತಾಡುತ್ತಿದ್ದ. ನನ್ನನ್ನು ನೋಡಿ, "ಬಾಗಿಲು ತೆಗಿ" ಎಂದ.

ಮಂಗಳೂರಿನ ಆಸ್ಪತ್ರೆಯಲ್ಲಿ ಅವನ ಮೂತ್ರ ಹಾಲು ಹಾಕದ ಚಹಾದ ಬಣ್ಣಕ್ಕೆ ತಿರುಗಿತು, ಆಮೇಲೆ ನಿಂತೇ ಹೋಯಿತು. ಎಂತ ಮಾಡಿದ್ದಾರೆ ಇವರು ಎಂದು ಡಾಕ್ಟರ್ ಕೇಳಿದರು. "ಬಿಸಿಲಿನಲ್ಲಿ ಆಡಿದರು" ಅಂದೆ. ತಂಗಿ ಪಕ್ಕದಲ್ಲೇ ಇದ್ದಳು. ಅವಳು ನನ್ನ ಕಡೆ ತಿರುಗಲೂ ಇಲ್ಲ. ಹೊಗೆಮನೆ, ಪ್ಲಾಸ್ಟಿಕ್, ಮಾತ್ರೆ, ಎರಡು ದಿನ ನೀರು ಬಿಟ್ಟದ್ದು ಎಲ್ಲವನ್ನೂ ಒಂದೊಂದಾಗಿ ಡಾಕ್ಟರಿಗೆ ಹೇಳಿದಳು. ಬಾಗಿಲ ಚಿಲಕದ ವಿಷಯ ಮಾತ್ರ ಹೇಳಲಿಲ್ಲ.

ಆ ಸಲ ಬದುಕಿ ಮನೆಗೆ ಬಂದ. ಆದರೆ ಕಿಡ್ನಿ ಪೂರ್ತಿ ಮೊದಲಿನಂತಾಗಲಿಲ್ಲ, ವರ್ಷದಿಂದ ವರ್ಷಕ್ಕೆ ಸೋಲುತ್ತಾ ಹೋಯಿತು. ಕಾರಣ ಆ ದಿನವೋ, ಮಾತ್ರೆಗಳೋ, ಅಷ್ಟು ವರ್ಷ ಮೈ ಒಣಗಿಸಿದ್ದೋ ಎಂದು ಬಿಡಿಸಿ ಹೇಳಲಾಗದು ಎಂದರು ಡಾಕ್ಟರ್. ಈ ಅನುಮಾನ ನನಗೆ ಒಳ್ಳೆಯ ನೆರಳಾಯಿತು. ನೆಂಟರು ಕೇಳಿದರೆ, "ಗೇರು ತೋಟಕ್ಕೆ ಮದ್ದು ಬಿಟ್ಟದ್ದಲ್ವಾ, ಈ ಕಡೆಯ ಗಾಳಿಯೇ ಹಾಗೆ" ಎಂದು ಎರಡು ಸಲ ಹೇಳಿದ್ದೇನೆ. ಆ ಮದ್ದು ಸಿಂಪಡಿಸುವ ಹೆಲಿಕಾಪ್ಟರ್ ನಮ್ಮ ವಾರ್ಡಿನ ಮೇಲೆ ಬಂದದ್ದೇ ಇಲ್ಲ. ಪಕ್ಕದ ಎಣ್ಮಕಜೆಯಲ್ಲಿ ಆ ವಿಷದಿಂದ ಮಲಗಿದಲ್ಲೇ ದೊಡ್ಡವರಾದ ಮಕ್ಕಳ ಸಂಕಟವನ್ನು ನನ್ನ ತಪ್ಪಿಗೆ ಕೊಡೆಯಾಗಿ ಹಿಡಿದವನು ನಾನು. ಆ ಎರಡು ಮಾತಿಗೆ ನನಗೆ ಕ್ಷಮೆ ಇಲ್ಲ.

ಕ್ಲಬ್ಬಿನ ಮುಂದಿನ ಮಹಾಸಭೆಗೆ ನಾನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದೆ. ಒಬ್ಬೊಬ್ಬನನ್ನು ತೂಗುವುದು ಬೇಡ, ಏಳು ಜನರ ಒಟ್ಟು ತೂಕಕ್ಕೆ ಮಿತಿ ಇರಲಿ. ಅದಾಗದಿದ್ದರೆ ಟೂರ್ನಮೆಂಟಿಗೆ ಒಂದು ತಿಂಗಳು ಮೊದಲೇ ತೂಗಿ ಚೀಟಿ ಕೊಡುವ. ಬೆವರದೆ, ತುಟಿ ಒಣಗಿ ಬಂದವನಿಗೆ ತೂಕ ಸರಿಯಿದ್ದರೂ ಸಹಿ ಬೇಡ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಎಲ್ಲರೂ ಮರ್ಯಾದೆಯಿಂದ ಕೇಳಿದರು. ಅಧ್ಯಕ್ಷರು, "ನಿಮ್ಮ ಭಾವನಿಗೆ ಆದದ್ದು ನಮಗೂ ಬೇಸರ ಉಂಟು. ಆದರೆ ಅರುವತ್ತು ಕೆಜಿ ಅಂತ ನೋಟೀಸು ಪ್ರಿಂಟ್ ಆಗಿದೆಯಲ್ಲ" ಎಂದರು. ಆ ವರ್ಷ ಒಂದೇ ಒಂದು ನಿಯಮ ಬದಲಾಯಿತು. ನನ್ನ ಹಳೆಯ ತಕ್ಕಡಿಯ ಬದಲು, ಹತ್ತು ಗ್ರಾಂ ಹೆಚ್ಚಿದ್ದರೂ ಕೆಂಪು ಅಕ್ಷರದಲ್ಲಿ ತೋರಿಸುವ ಹೊಸ ಮೆಷಿನ್ ತಂದರು.

ಈಗ ಭಾವನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಮಂಗಳೂರಿಗೆ ಕರೆದುಕೊಂಡು ಹೋಗುವುದು ನಾನು. ಅಲ್ಲಿ ಮೊದಲ ಕೆಲಸವೇ ತೂಕ ನೋಡುವುದು. ಮೈಯಲ್ಲಿ ನಿಂತ ನೀರು ಎಷ್ಟು, ತೆಗೆಯಬೇಕಾದ್ದು ಎಷ್ಟು ಎಂದು ಲೆಕ್ಕ ಹಾಕಲಿಕ್ಕೆ. ಅವನು ಚಪ್ಪಲಿ ಬಿಟ್ಟು, ಗಡಿಯಾರ ಬಿಚ್ಚಿ ನನ್ನ ಅಂಗೈಯಲ್ಲಿಟ್ಟು, ಬೆನ್ನು ನೆಟ್ಟಗೆ ಮಾಡಿ ನಿಲ್ಲುತ್ತಾನೆ. ನರ್ಸಿಗೆ ಅದು ವಿಚಿತ್ರ. "ಗಡಿಯಾರ ತೆಗೆಯುದು ಬೇಡ ಅಂಕಲ್" ಎಂದು ಪ್ರತಿ ಸಲ ಹೇಳುತ್ತಾಳೆ.

ದಿನಕ್ಕೆ ಮುಕ್ಕಾಲು ಲೀಟರ್ ನೀರು ಮಾತ್ರ, ಊಟದ ಸಾರೂ ಸೇರಿ. ಸೆಖೆಯ ತಿಂಗಳಿನಲ್ಲಿ ಅವನಿಗೆ ಅದು ಮಧ್ಯಾಹ್ನ ಹನ್ನೆರಡರೊಳಗೆ ಮುಗಿಯುತ್ತದೆ. ಒಂದು ಸಲ ತೂಕ ನಾಲ್ಕು ಕೆಜಿ ಏರಿ ಉಸಿರು ಕಟ್ಟಿತು. ಬಚ್ಚಲಿನ ನೀರು ಕುಡಿದಿದ್ದ. ಮರುದಿನ ತಂಗಿ ನನ್ನ ಅಂಗಡಿಗೆ ಬಂದಳು. ಅಷ್ಟು ವರ್ಷದಲ್ಲಿ ಅವಳು ಆ ಸಂಜೆಯ ಮಾತು ಎತ್ತಿದವಳಲ್ಲ.

"ಅಣ್ಣ, ಇನ್ನು ಮಧ್ಯಾಹ್ನ ಅಂಗಡಿ ಮುಚ್ಚಿ ನೀನು ಮನೆಗೆ ಬಾ. ಸಂಜೆಯವರೆಗೆ ಇವರ ಹತ್ತಿರ ಕೂತುಕೋ."

"ಯಾಕೆ, ಎಂತ ಆಯಿತು?"

"ಇವರು ನೀರು ಕೇಳ್ತಾರೆ. ನನಗೆ ಬೇಡ ಹೇಳಲಿಕ್ಕೆ ಆಗುದಿಲ್ಲ. ನಿನಗೆ ಆಗ್ತದೆ."

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ನಾನು ಹೋಗುತ್ತೇನೆ. ನೀರಿನ ಬಾಟಲಿಯನ್ನು ನನ್ನ ಕಾಲ ಬಳಿ ಇಟ್ಟುಕೊಂಡು ಅವನ ಮಂಚದ ಪಕ್ಕ ಕೂರುತ್ತೇನೆ. ಅವನು ಗೋಡೆಯ ಗಡಿಯಾರ ನೋಡುತ್ತಾನೆ, ನನ್ನನ್ನು ನೋಡುತ್ತಾನೆ.

"ಒಂದು ಗುಟುಕು ಭಾವ. ಬಾಯಿ ಒದ್ದೆ ಆಗುವಷ್ಟು."

"ಈಗ ಬೇಡ," ಎನ್ನುತ್ತೇನೆ. "ಐದು ಗಂಟೆ ಆಗಲಿ."