ಕಿವಿಯಕ್ಕ ದುಭಾಷಿಯ ಮೇಲೆ ಕೂರಿಸಿದ ಗೂಬೆ

ಎಲ್ಲರ ಬಾಯಲ್ಲೂ ಅವಳು ಕಿವಿಯಕ್ಕ. ಬಸ್ ನಿಲ್ದಾಣದ ಹಿಂದಿನ ಸಣ್ಣ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕಿವಿ ಪರೀಕ್ಷೆಯ ಕೆಲಸ. ಗಾಜಿನ ಕಿಟಕಿಯ ಗೂಡಿನಂಥ ಕೋಣೆಯೊಳಗೆ ಬಂದವರನ್ನು ಕೂರಿಸಿ, ಹೆಡ್‌ಫೋನ್ ಹಾಕಿ, ಹೊರಗಿನ ಕಂಪ್ಯೂಟರಿನಿಂದ ಒಂದೊಂದೇ ಸದ್ದು ಬಿಡುವುದು. ಕೇಳಿಸಿದರೆ ಅವರು ಕೈ ಎತ್ತುವುದು. ಅವಳು "ಸರಿ ಇದೆ" ಎಂದು ಬರೆದರೆ ಡಾಕ್ಟರೂ ಎರಡನೇ ಸಲ ನೋಡುತ್ತಿರಲಿಲ್ಲ.

ಆ ನಂಬಿಕೆಗೇ ಈಗ ಕಲ್ಲು ಬಿದ್ದಿತ್ತು. ಸೋಮವಾರ ಲೇತ್ ಕೆಲಸಗಾರನ ಹೆಂಡತಿ ಬಂದು ಬಾಗಿಲಲ್ಲೇ ನಿಂತಳು.

"ಇವರ ಕಿವಿ ಸರಿ ಇದೆ ಅಂತ ಬರ್ಕೊಟ್ರಲ್ಲ ಅಕ್ಕ? ನಿನ್ನೆ ಲಾರಿ ಪೀಪೀ ಅಂತ ಹಿಂದಕ್ಕೆ ಬರ್ತಿದ್ರೂ ತಿರುಗಲಿಲ್ಲ. ಯಾರೋ ಎಳೆದಿದ್ದಕ್ಕೆ ಉಳ್ಕೊಂಡ್ರು."

ಅಂದಿನಿಂದ ಕಿವಿಯಕ್ಕ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಅನುಮಾನವೆಲ್ಲ ಹೊಸ ಕಂಪ್ಯೂಟರಿನ ಮೇಲೆ. ಹಳೆಯದು ಎರಡು ತಿಂಗಳ ಹಿಂದೆ ಕೈಕೊಟ್ಟಿತ್ತು. ಹೊಸದರಲ್ಲಿದ್ದದ್ದು ಲಿನಕ್ಸ್ ಎಂಬ ವ್ಯವಸ್ಥೆ; ಪರೀಕ್ಷೆಯ ಪ್ರೋಗ್ರಾಂ ಬೇರೊಂದು ವ್ಯವಸ್ಥೆಗೆಂದು ಬರೆದದ್ದು, ಇಲ್ಲಿನ ಮಾತು ಅದಕ್ಕೆ ತಿಳಿಯದು. ನಡುವೆ ದುಭಾಷಿಯಂಥ ಇನ್ನೊಂದು ಪ್ರೋಗ್ರಾಂ ಕೂರಿಸಿ ಅದನ್ನು ಓಡಿಸಿದವಳು ಅವಳೇ. ಹೊಸ ಏರ್ಪಾಡಲ್ಲವೇ ಎಂದು, ಎಂದೋ ಕೈಬಿಟ್ಟಿದ್ದ ಪದ್ಧತಿಯನ್ನು ಮತ್ತೆ ಹಿಡಿದಿದ್ದಳು: ಬೆಳಿಗ್ಗೆ ಮೊದಲು ತಾನೇ ಹೆಡ್‌ಫೋನ್ ಹಾಕಿಕೊಂಡು ಎಲ್ಲ ಸದ್ದನ್ನೂ ಕೇಳಿ ನೋಡುವುದು. ಮೊದಲ ದಿನವೇ ಕೀರಲು ಸದ್ದು ಕೇಳಿಸಲಿಲ್ಲ. ದುಭಾಷಿಯೇ ಅದನ್ನು ನುಂಗುತ್ತಿದೆ ಎಂದುಕೊಂಡು, ತನಗೆ ಕೇಳಿಸುವವರೆಗೂ ಅದೊಂದರ ಜೋರನ್ನು ಏರಿಸಿಟ್ಟಿದ್ದಳು.

ಈಗ ಏರಿಸಿದ್ದನ್ನು ಇಳಿಸಿದಳು. ಸೌಂಡ್ ಕಾರ್ಡ್ ಬದಲಿಸಿದಳು, ದುಭಾಷಿಯನ್ನು ತೆಗೆದು ಮತ್ತೆ ಹಾಕಿದಳು. ಊಹೂಂ, ಕೀರಲು ಸದ್ದು ಕೇಳಿಸಲೇ ಇಲ್ಲ. ಅನ್ನ ಸೇರದು, ನಿದ್ದೆ ಹತ್ತದು. ಮನೆಯಲ್ಲಿ ಗಂಡ ಏನಾದರೂ ಕೇಳಿದರೆ ಸಿಡಿಸಿಡಿ.

ಶುಕ್ರವಾರ ಮಧ್ಯಾಹ್ನ ಮನೆಯ ಬೀಗದ ಕೈ ಇಸಿದುಕೊಳ್ಳಲು ಅತ್ತೆ ಬಂದರು. ಎಪ್ಪತ್ತರ ಮುದುಕಿ, ಕಿವಿ ಮಾತ್ರ ಬಲು ಚುರುಕು. ಮಗ ಸೊಸೆ ಪಿಸುಗುಟ್ಟಿದರೆ ಹಿತ್ತಲಿಂದಲೇ ಉತ್ತರ ಕೊಡುವವರು. ಕೀರಲು ಸದ್ದು ಬಿಟ್ಟು ಮೇಜಿನ ಮೇಲಿಟ್ಟಿದ್ದ ಹೆಡ್‌ಫೋನ್ ಕಡೆ ನೋಡಿ ಮುಖ ಸಿಂಡರಿಸಿದರು.

"ಅದೇನೇ ಅದು, ಸೊಳ್ಳೆ ಹಾಗೆ ಕುಂಯ್ ಅಂತಿರೋದು? ನಿಲ್ಲಿಸು, ತಲೆ ಚಿಟ್ಟು ಹಿಡೀತಿದೆ."

"ಅದ್ರಿಂದ ಏನೂ ಬರ್ತಿಲ್ಲ ಅತ್ತೆ. ಅದಕ್ಕೇ ನಾಲ್ಕು ದಿನದಿಂದ ಒದ್ದಾಡ್ತಿರೋದು."

"ಬರ್ತಿಲ್ವಾ? ಇಷ್ಟು ಚೆನ್ನಾಗಿ ಬರ್ತಿದೆ!"

ಕಿವಿಯಕ್ಕ ಹೆಡ್‌ಫೋನ್ ತೆಗೆದುಕೊಂಡು ತಾನೇ ಗಾಜಿನ ಕೋಣೆಗೆ ಹೋಗಿ ಕೂತಳು. ಒತ್ತಬೇಕಾದ ಗುಂಡಿಯನ್ನು ಅತ್ತೆಗೆ ತೋರಿಸಿಯೇ ಹೋಗಿದ್ದಳು. ಕಾದಳು. ಕೈ ತೊಡೆಯ ಮೇಲೇ ಇತ್ತು.

"ಒತ್ತಿ ಅತ್ತೆ," ಎಂದು ಕೂಗಿದಳು.

ಅತ್ತೆ ಗಾಜಿನ ಆಚೆಯಿಂದ ಮೂರು ಬೆರಳು ತೋರಿಸಿದರು. ಮೂರು ಸಲ ಒತ್ತಿ ಆಗಿತ್ತು.

ದುಭಾಷಿ ಪಾಪ, ಒಂದಕ್ಷರವನ್ನೂ ನುಂಗಿರಲಿಲ್ಲ. ಸುಮ್ಮನೆ ಅದರ ಮೇಲೆ ಗೂಬೆ ಕೂರಿಸಿದ್ದಳು. ಅವಳಿಗೆ ಅಳು ಬಂತು. ಕಿವಿ ಹೋದವಳನ್ನು ಕಿವಿ ಪರೀಕ್ಷೆಗೆ ಯಾರು ಇಟ್ಟುಕೊಳ್ಳುತ್ತಾರೆ? ಏರಿಸಿಟ್ಟ ಸದ್ದು ಕೇಳಿ ಪಾಸಾಗಿ ಹೋದವರು ಮೂವತ್ತೇಳು ಜನ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಪಟ್ಟಿ ತೆಗೆದು ಮೊದಲು ಲೇತ್ ಕೆಲಸಗಾರನ ಮನೆಗೆ ಫೋನ್ ಮಾಡಿದಳು. ಹೆಂಡತಿಯೇ ಎತ್ತಿದಳು.

"ಮಷೀನ್ ಕೆಟ್ಟಿತ್ತಾ ಅಕ್ಕ?"

"ಮಷೀನ್ ಸರಿಯಾಗೇ ಇತ್ತಮ್ಮ. ಕೆಟ್ಟಿದ್ದು ನನ್ನ ಕಿವಿ. ಇವತ್ತೇ ಅವರನ್ನ ಕರ್ಕೊಂಡು ಬಾ. ಸದ್ದು ಸರಿಯಿದ್ಯಾ ಅಂತ ಈ ಸಲ ನಮ್ಮತ್ತೆ ಕೇಳಿ ಹೇಳ್ತಾರೆ."