ಹಿತ್ತಲ ಓಕ್ ಮರಕ್ಕೆ ಇಬ್ಬರು

ಅಥವಾ ಆಗ ದೀಪ ಹಚ್ಚಿರಲೇ ಇಲ್ಲವೇನೋ. ಸೆಪ್ಟೆಂಬರ್‌ನಲ್ಲಿ ಅಮೆರಿಕದ ಈ ಪಾರ್ಸಿಪನಿಯಲ್ಲಿ ಅಷ್ಟು ಬೇಗ ಕತ್ತಲಾಗುವುದಿಲ್ಲ. ಆದರೂ ಆ ಹಿರಿಯರು ನಮ್ಮ ಬಾಗಿಲು ತಟ್ಟಿದ ಸಂಜೆಯನ್ನು ನೆನೆದಾಗಲೆಲ್ಲ ನನ್ನ ಬೆನ್ನ ಹಿಂದೆ ದೇವರ ದೀಪ ಉರಿಯುತ್ತಿರುತ್ತದೆ. ಯಾಕೆ ಒಪ್ಪಿದೆ ಎಂದು ಕೇಳಿದವರಿಗೆಲ್ಲ ನಾನು ಹೇಳುವುದೂ ಅದನ್ನೇ: ದೀಪ ಹಚ್ಚಿದ ಹೊತ್ತಿನಲ್ಲಿ ಬಾಗಿಲಿಗೆ ಬಂದವರಿಗೆ ಇಲ್ಲ ಅನ್ನಬಾರದು, ನಮ್ಮನ್ನು ಬೆಳೆಸಿದ್ದೇ ಹಾಗೆ. ಹೇಳಿ ಹೇಳಿ ಆ ದೀಪ ಈಗ ಬಹಳ ಚೆನ್ನಾಗಿ ಉರಿಯುತ್ತಿದೆ. ಅದಕ್ಕೇ ಅನುಮಾನ.

ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ಮೆಟ್ಟಿಲು ಹತ್ತಿರಲಿಲ್ಲ. ಇದು ಖಚಿತ, ಕೆಳಗೆ ನೋಡಿಕೊಂಡೇ ಮಾತಾಡಿದ್ದೆ. ನಮ್ಮ ಹಿತ್ತಲು ಮುಗಿದು ಕಾಡು ಶುರುವಾಗುವಲ್ಲಿ ಒಂದು ಓಕ್ ಮರವಿದೆ. ಈ ಮನೆಯ ಹಿಂದಿನ ಮಾಲೀಕರ ಕಾಲದಿಂದ ಎಲೆ ಉದುರುವ ಪ್ರತಿ ಫಾಲ್‌ನಲ್ಲೂ ಈ ಹಿರಿಯರು ಅದರ ಬುಡದಲ್ಲಿ ಬಿಲ್ಲು ಹಿಡಿದು ಜಿಂಕೆಗೆ ಕಾಯುತ್ತಿದ್ದರಂತೆ. ಮನೆಗೆ ಅಷ್ಟು ಹತ್ತಿರ ಬೇಟೆಗೆ ಕೂರಬೇಕಾದರೆ ಮನೆಯವರು ಒಪ್ಪಬೇಕು. ಈಗ ಮನೆಯವರು ನಾವು.

"ಮಂಡಿ ಕೈಕೊಟ್ಟಿದೆ ಮ್ಯಾಮ್. ಗುಡ್ಡ ಹತ್ತಲಾರೆ. ನನಗೆ ಉಳಿದಿರುವುದು ಈ ಜಾಗ ಒಂದೇ," ಎಂದರು.

ಮೊಟ್ಟೆಯನ್ನೂ ಒಳಗೆ ಬಿಡದ ಮನೆಯವಳು ನಾನು, "ಶೂರ್, ಪ್ಲೀಸ್," ಎಂದೆ.

ಅದೇ ವಾರ, ಅಥವಾ ಅದಕ್ಕೂ ಮೊದಲು (ನಮ್ಮಿಬ್ಬರಲ್ಲಿ ಇನ್ನೂ ತೀರದ ಜಗಳ ಇದು), ಪಕ್ಕದ ಮನೆಯವನು ಡ್ರೈವ್‌ವೇಯಲ್ಲಿ ನನ್ನ ಗಂಡನನ್ನು ನಿಲ್ಲಿಸಿ ಅದೇ ಮರವನ್ನು ಕೇಳಿದ. ಹಿಂದಿನ ಚಳಿಗಾಲವಿಡೀ, ನಾವು ಕೇಳದೆಯೇ, ನಮ್ಮ ಸ್ನೋ ತೆಗೆದುಕೊಟ್ಟವನು. ಅಂಥವನಿಗೆ ಬೇಡ ಎನ್ನುವುದು ಹೇಗೆ? ಇವರೂ ಒಪ್ಪಿದರು. ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ. ಹೇಳಿಕೊಂಡೆವೇನೋ, ಕೇಳಿಸಿಕೊಳ್ಳಲಿಲ್ಲವೇನೋ.

ಬೇಟೆಯ ಕಾಲ ಶುರುವಾದ ಮೇಲೆ ಒಂದು ಶನಿವಾರ ಬೆಳಿಗ್ಗೆ ಇಬ್ಬರೂ ಹಿತ್ತಲ ಜಗಲಿಯಂಥ ನಮ್ಮ ಡೆಕ್ ಮೇಲೆ ನಿಂತಿದ್ದರು, ಎಲೆಗಳ ಚಿತ್ತಾರದ ಬಟ್ಟೆಯಲ್ಲಿ, ಬಿಲ್ಲುಗಳನ್ನು ಕಟಕಟೆಗೆ ಒರಗಿಸಿ. ಪಕ್ಕದ ಮನೆಯವನು ಹಿಂದಿನ ದಿನವೇ ಬಂದು ಮರದ ಮೇಲೆ ಬೇಟೆಗೆ ಕೂರುವ ತನ್ನ ಆಸನ ಕಟ್ಟಿ ಹೋಗಿದ್ದ. ಹಿರಿಯರು ಇನ್ನೂ ಕತ್ತಲಿರುವಾಗ ಬಂದು, ತಲೆಯ ಮೇಲೆ ಇನ್ನೊಬ್ಬರ ಆಸನ ಕಂಡು, ಏನೂ ಮುಟ್ಟದೆ ಕೆಳಗೆ ನೆಲದ ಮೇಲೆ ಕೂತಿದ್ದರು. ಬೆಳಕು ಹರಿದಾಗ ಅವನೂ ಬಂದ. ಈಗ ಇಬ್ಬರಿಗೂ ಗೊತ್ತಾಗಬೇಕಿದ್ದುದು ಒಂದೇ: ನಾವು ಮೊದಲು ಯಾರಿಗೆ ಒಪ್ಪಿಗೆ ಕೊಟ್ಟೆವು?

"ಬಸ್ಸಲ್ಲಿ ಟವಲ್ ಹಾಕಿದ ಹಾಗಾಯ್ತಲ್ಲೇ," ಇವರು ಕನ್ನಡದಲ್ಲಿ ಪಿಸುಗುಟ್ಟಿದರು. "ಸೀಟು ಟವಲ್ ಹಾಕಿದೋನ್ದೋ, ಹತ್ತಿ ಕೂತೋನ್ದೋ?"

"ಕಂಡಕ್ಟರ್ ನೀವೇ ಅಲ್ವಾ? ಹೇಳಿ."

"ನನ್ನ ಒಂದು ಮಾತು ಕೇಳ್ದೇನೇ ಯಾಕೆ ಪರ್ಮಿಷನ್ ಕೊಟ್ಟೆ?"

"ನೀವು ನನ್ನ ಕೇಳಿದ್ರಾ ರೀ?"

"ಸ್ನೋ ತೆಗೆಯೋನು ಅವ್ನು. ಜನವರೀಲಿ ನೀನು ಶವೆಲ್ ಮಾಡ್ತೀಯಾ?"

ನಮ್ಮ ಭಾಷೆ ತಿಳಿಯದ ಇಬ್ಬರೂ ಸೌಜನ್ಯದಿಂದ ಕಾಡಿನ ಕಡೆ ಮುಖ ತಿರುಗಿಸಿಕೊಂಡಿದ್ದರು. ಆಮೇಲೆ ಅವರವರಲ್ಲೇ ಶುರುವಾಯಿತು. "ನೀವು ಹಿರಿಯರು ಸರ್, ನೀವೇ ಕೂತುಕೊಳ್ಳಿ," ಎಂದ ಅವನು. "ಇಲ್ಲ ಸರ್, ನಿಮ್ಮ ಬೀದಿ, ನಿಮ್ಮ ನೆರೆಯವರು," ಎಂದರು ಹಿರಿಯರು. "ಹಾಗಾದರೆ ಬೆಳಿಗ್ಗೆ ನೀವು, ಸಂಜೆ ನಾನು, ಸರ್." "ನಿಮಗೆ ಯಾಕೆ ತೊಂದರೆ, ಸರ್." ಪ್ರತಿ ಸರ್ ಹಿಂದಿನದಕ್ಕಿಂತ ಗಡುಸಾಗುತ್ತಿತ್ತು. ಮುನಿಸಿಕೊಂಡ ಬೀಗರು ಊಟದ ಎಲೆಯ ಮುಂದೆ ಉಪಚಾರ ಮಾಡಿಕೊಳ್ಳುವ ಧಾಟಿ ಅದು, ಸಿಟ್ಟು ಏರಿದಷ್ಟೂ ಉಪಚಾರ ಹೆಚ್ಚು.

ಕೊನೆಗೆ ಹಿರಿಯರು ನನ್ನ ಕಡೆ ತಿರುಗಿದರು. "ಮ್ಯಾಮ್, ನೀವು ಒಪ್ಪಿದ್ದಿರಿ. ನೆನಪಿದೆಯಲ್ಲ?"

ಇಲ್ಲಿಂದ ಮುಂದೆ ಯಾವುದೂ ಖಚಿತವಲ್ಲ. ಹೌದು ಎಂದು ತಲೆಯಾಡಿಸಿದೆ ಎನ್ನುತ್ತದೆ ನನ್ನ ನೆನಪು. ಹಾಲು ಉಕ್ಕುತ್ತಿದೆ ಅಂತ ಒಳಗೆ ಓಡಿದೆ ಎನ್ನುತ್ತಾರೆ ಇವರು. ಹಾಲು ಉಕ್ಕಿದ್ದು ನಿಜ, ಸ್ಟವ್ ಒರೆಸಿದ್ದು ಈಗಲೂ ಕೈಗೆ ನೆನಪಿದೆ. ಯಾವಾಗ ಉಕ್ಕಿತು ಎನ್ನುವುದು ಮಾತ್ರ ಹಿಂದೆ ಮುಂದೆ ಜರುಗುತ್ತಲೇ ಇರುತ್ತದೆ: ಪ್ರಶ್ನೆಗೆ ಮೊದಲು, ಪ್ರಶ್ನೆಯ ನಂತರ, ಕೆಲವು ಸಲ ಸರಿಯಾಗಿ ಪ್ರಶ್ನೆಯ ಜೊತೆಗೇ, ನನಗೆ ಬೇಕಾದ ಹಾಗೆ.

ಕಾಫಿ ತಂದುಕೊಟ್ಟೆ. ಹಿರಿಯರು ನಿಂತೇ ಕುಡಿದರು, ತುಂಬ ಚೆನ್ನಾಗಿದೆ ಎಂದರು, ಲೋಟವನ್ನು ನನ್ನ ಕೈಗೇ ಕೊಟ್ಟರು. ಬಿಲ್ಲು ತೆಗೆದುಕೊಂಡು, ಕಾಡಿನ ಕಡೆಗಲ್ಲ, ಮನೆಯ ಪಕ್ಕದಿಂದ ಬೀದಿಯಲ್ಲಿ ನಿಲ್ಲಿಸಿದ್ದ ತಮ್ಮ ಟ್ರಕ್ಕಿನತ್ತ ಕುಂಟುತ್ತ ಹೋದರು. ಪಕ್ಕದ ಮನೆಯವನೂ ಆ ಮಧ್ಯಾಹ್ನವೇ ತನ್ನ ಆಸನ ಬಿಚ್ಚಿಕೊಂಡ. ಇಬ್ಬರೂ ಬಿಟ್ಟುಕೊಟ್ಟ ಮರದ ಕೆಳಗೆ ಆ ಫಾಲ್ ಪೂರ್ತಿ ಜಿಂಕೆಗಳು ಅಡ್ಡಾಡಿಕೊಂಡಿದ್ದವು.

"ನೋಡು, ಎಷ್ಟು ಡೀಸೆಂಟಾಗಿ ಮುಗೀತು," ಎಂದರು ಇವರು.

"ಯಾರಿಗೆ ಮುಗೀತು?"

ಆಮೇಲೆ ಡ್ರೈವ್ ಮಾಡುವಾಗ ಕಾಡಿನಂಚಿನಲ್ಲಿ ನಿಂತ ಟ್ರಕ್ಕುಗಳನ್ನೆಲ್ಲ ನೋಡುತ್ತಿದ್ದೆ. ಆ ಹಿರಿಯರ ಟ್ರಕ್ಕಿನ ಬಣ್ಣ ಹಸಿರು ಎಂದುಕೊಂಡಿದ್ದೆ. ಬೂದು ಎನ್ನುತ್ತಾರೆ ಇವರು. ಅವರ ಹೆಸರು ಕೇಳಿರಲಿಲ್ಲ. ಅವರಿಗೆ ಬೇರೆ ಜಾಗ ಸಿಕ್ಕಿತೋ ಇಲ್ಲವೋ ನನಗೆ ಗೊತ್ತಿಲ್ಲ. ಅವರು ಕೇಳಿದಾಗ ನಾನು ತಲೆಯಾಡಿಸಿದೆನೋ ಇಲ್ಲವೋ, ಅದೂ ಗೊತ್ತಿಲ್ಲ.