ಮರದ ಚಮಚಗಳ ನಮ್ಮ ಗೌರಕ್ಕ

ಬೆಳಿಗ್ಗೆ ಎಂಟು ಗಂಟೆಗೆ ಫೋನ್ ಬಂತು...
"ಗೌರಕ್ಕ ಹೋಗ್ಬುಟ್ಟಳು" ಅಂದ್ರು ಅವರ ತಮ್ಮ.
ಯಾವ ಗೌರಕ್ಕ ಅಂತ ಕೇಳ್ದೆ.
ಎರಡು ಸಲ ಕೇಳ್ದೆ...
ಬೇರೆ ಯಾರೋ ಇರಬಹುದು ಅನ್ನೋ ಆಸೆ.

ಹಾರ್ಟ್ ಅಟ್ಯಾಕ್ ಅಂತೆ.
ಅಪ್ಪನಿಗೆ ಕಾಫಿ ಕೊಟ್ಟು ಬಾಗಿಲ ಹತ್ರ ಕೂತವರು ಮತ್ತೆ ಏಳಲಿಲ್ಲ...
ಇನ್ನೂ ಐವತ್ನಾಲ್ಕು ವರ್ಷ.

ನನ್ನ ವಾಲ್‌ನಲ್ಲಿ ನೀವೆಲ್ಲ ಲೈಕ್ ಮಾಡ್ತಿದ್ದ ಮರದ ಚಮಚಗಳು ನೆನಪಿದೆಯಾ?
ಹಿಡಿ ತುಂಬಾ ಬಳ್ಳಿ ಥರ ಸುತ್ತಿಕೊಂಡ ಗಂಟುಗಳು, ಎಲ್ಲಿ ಶುರು ಎಲ್ಲಿ ಕೊನೆ ಗೊತ್ತಾಗದ ಹಾಗೆ...
ಅವನ್ನ ಕೆತ್ತಿದ್ದು ಅಶೋಕಪುರಂನ ನಮ್ಮ ಗೌರಕ್ಕ.
ಫೋಟೋ ಹಾಕ್ತಿದ್ದೆ ಅಷ್ಟೇ. ಕಥೆ ಬರೀತೀನಿ ಅಂದ್ರೆ "ಬೇಡ ಸುಮ್ನಿರು" ಅಂತಿದ್ರು.
ಇವತ್ತು ಬರೀತೀನಿ. ಬೈಯೋಕೆ ಅವರಿಲ್ಲ...

ಅವರ ಅಪ್ಪ ಚಿಕ್ಕಣ್ಣನೋರು ಇನ್‌ಲೇ ಕೆಲಸದಲ್ಲಿ ಹೆಸರು ಮಾಡಿದವರು. ಬೀಟೆ ಮರದಲ್ಲಿ ಚಿತ್ರ ಕೂರಿಸೋ ಕೆಲಸ.
ಚಿಕ್ಕವಳಿದ್ದಾಗ ಅಕ್ಕ ಉಳಿ ಕೇಳಿದ್ರಂತೆ.
"ಹೆಣ್ಮಕ್ಕಳಿಗೆ ಯಾಕವ್ವ ಉಳಿ" ಅಂತ ಸ್ಯಾಂಡ್‌ಪೇಪರ್ ಕೊಟ್ಟರಂತೆ.
ಅಲ್ಲಿಂದ ಮೂವತ್ತೈದು ವರ್ಷ ಇನ್‌ಲೇ ಫ್ಯಾಕ್ಟರೀಲಿ ಬೇರೆಯವರು ಕೆತ್ತಿದ್ದನ್ನ ಉಜ್ಜಿದ್ರು, ಪಾಲಿಶ್ ಮಾಡಿದ್ರು. ಅಷ್ಟೇ.

ಆರು ವರ್ಷದ ಹಿಂದೆ, ಸಿದ್ಧಾರ್ಥನಗರದ ನನ್ನ ಜೆರಾಕ್ಸ್ ಅಂಗಡಿಗೆ ವೇಲ್ಸ್ ದೇಶದ ಮೇಗನ್ ಅನ್ನೋ ಹೆಂಗಸು ಬಂದ್ರು. ಯೋಗ ಕಲಿಯೋಕೆ ಬಂದವರು.
ಕೈಯಲ್ಲಿ ಮುರಿದು ಎರಡು ತುಂಡಾಗಿದ್ದ ಒಂದು ಮರದ ಚಮಚ. ಮುತ್ತಜ್ಜ ಮುತ್ತಜ್ಜಿಗೆ ಕೆತ್ತಿಕೊಟ್ಟಿದ್ದಂತೆ.
ಅವರ ಕಡೆ ಹುಡುಗ ಮೆಚ್ಚಿದ ಹುಡುಗಿಗೆ ಹೀಗೆ ಕೆತ್ತಿ ಕೊಡ್ತಿದ್ದನಂತೆ. ಆ ಗಂಟಿನ ಡಿಸೈನಿಗೆ ಕೆಲ್ಟಿಕ್ ಅಂತಾರೆ, ಅಲ್ಲಿನ ಹಳೇ ಜನರದ್ದು.
ಗೌರಕ್ಕನ ಹತ್ರ ಕರ್ಕೊಂಡು ಹೋದೆ.
ಕಥೆ ಕೇಳಿ ನಕ್ಕುಬಿಟ್ರು.
"ನಮ್ ಕಡೆ ಗಂಡಸು ಸೌಟು ಕೊಟ್ರೆ ಹೋಗಿ ಅಡುಗೆ ಮಾಡು ಅಂತ ಅರ್ಥ ಕಣಮ್ಮ..."

ಬಿರುಕು ಕಾಣದ ಹಾಗೆ ಕೂಡಿಸಿಕೊಟ್ಟರು. ಕೊಡೋ ಮುಂಚೆ ಒಂದು ಫೋಟೋ ತೆಗೆಸಿದ್ರು.
"ಇದನ್ನ ದೊಡ್ಡದು ಮಾಡಿ ಪ್ರಿಂಟ್ ಕೊಡು ಸವಿತಾ."

ಮಾರನೇ ವಾರ ಹಲಸಿನ ಮರದ ತುಂಡು ಹಿಡ್ಕೊಂಡು ಬಂದ್ರು.
ಅಂಗಡಿ ಹಿಂದೆ ಪೇಪರ್ ಬಂಡಲ್ ಇಡೋ ರೂಮಲ್ಲಿ ಕೂತ್ರು. ಮನೇಲಿ ಕೆತ್ತಿದ್ರೆ ಅಪ್ಪನಿಗೆ ಸದ್ದು ಕೇಳುತ್ತೆ ಅಂತ...
ನಲವತ್ತೆಂಟು ವರ್ಷದ ಹೆಂಗಸು, ಅಪ್ಪನಿಗೆ ಹೆದರಿಕೊಂಡು.
ನಾಲ್ಕು ಚಮಚ ಮುರಿದವು. ಐದನೇದು ನಿಂತಿತು.

ಅದನ್ನ ಅಪ್ಪನ ಕೈಗೆ ಕೊಟ್ಟರು. ಅವರಿಗೆ ಆಗಲೇ ಕಣ್ಣು ಮಂಜು. ಬೆರಳಲ್ಲೇ ನೋಡಿದ್ರು.
"ಯಾರು ಕೆತ್ತಿದ್ದು?"
"ಫ್ಯಾಕ್ಟರಿಗೆ ಹೊಸಬ ಬಂದವನೆ ಕಣಪ್ಪ."
"ಕೈ ಚೆನ್ನಾಗದೆ. ತಿರುವಲ್ಲಿ ಅವಸರ ಮಾಡ್ತಾನೆ. ಹೇಳು ಅವನಿಗೆ."

ಎರಡು ವರ್ಷ ಹೀಗೇ ನಡೀತು...
ಒಂದೊಂದು ಚಮಚ ಕೆತ್ತೋದು, ಅಪ್ಪನ ಕೈಗೆ ಕೊಡೋದು. "ಅವನಿಗೆ ಉಳಿ ವಾಲಿಸಿ ಹಿಡಿಯೋಕೆ ಹೇಳು", "ಅವನಿಗೆ ಮರದ ಎಳೆ ನೋಡೋಕೆ ಹೇಳು."
ಇಲ್ಲದ ಆ ಹೊಸಬನ ಹೆಸರಲ್ಲಿ ಅಕ್ಕ ಅಪ್ಪನಿಂದ ಪೂರ್ತಿ ವಿದ್ಯೆ ಕಲಿತರು.

ಒಂದು ದಿನ ಊಟ ಬಡಿಸೋವಾಗ ಅಪ್ಪ ಅವರ ಕೈ ಹಿಡ್ಕೊಂಡು ಬೆರಳು ಸವರಿದ್ರಂತೆ. ಎಡಗೈ ಹೆಬ್ಬೆರಳಲ್ಲಿ ಉಳಿ ತಾಗಿದ ಗಾಯ.
"ಎಡಗೈ ಉಳಿ ಮುಂದೆ ಇಡಬಾರದು ಅಂತ ಹೇಳವ್ವ ಅವನಿಗೆ" ಅಂದ್ರಂತೆ.
ಆಮೇಲೆ ಆ ಗಾಯದ ಮೇಲೇ ಬೆರಳಿಟ್ಟು...
"ನಾಳೆಯಿಂದ ಮನೇಲೇ ಕೆತ್ತು. ಅಷ್ಟು ದೂರ ಯಾಕೆ ಹೋಗ್ತೀಯ."

ಅಕ್ಕ...
ಅವತ್ತು ಅಂಗಡಿಗೆ ಬಂದು ಇದನ್ನ ಹೇಳ್ತಾ ಹೇಳ್ತಾ ನೀವು ಅತ್ತಿದ್ದು ನನ್ನ ಕಣ್ಣಲ್ಲೇ ಇದೆ.
ಆಮೇಲೆ ಮೇಗನ್ ಊರಿಂದ ಆರ್ಡರ್ ಬಂತು, ಐರ್ಲೆಂಡಿಂದ ಬಂತು. ನೀವು ಹೇಳೋದು, ನಾನು ಇಂಗ್ಲಿಷಲ್ಲಿ ಟೈಪ್ ಮಾಡೋದು...
ಯಾರಿಗೆ ಮದುವೆ, ಹುಡುಗಿ ಏನು ಕೆಲಸ ಮಾಡ್ತಾಳೆ, ಎಲ್ಲ ಕೇಳಿಯೇ ಉಳಿ ಹಿಡೀತಿದ್ರಿ.
ಒಂದು ಸಲ ನಾನೇ ಅಂದಿದ್ದೆ, ಯಾರದ್ದೋ ದೇಶದ ಗಂಟು ಯಾಕಕ್ಕ, ಆನೆ ಕೆತ್ತಿ, ಬೇಗ ಹೋಗುತ್ತೆ ಅಂತ.
"ಆನೆ ಕೆತ್ತೋರು ಬೇಕಾದಷ್ಟು ಜನ ಅವ್ರೆ ಕಣೇ. ಇದನ್ನ ಕೆತ್ತೋವಾಗ ನನಗೆ ಯಾರೂ ಬೇಡ ಅನ್ನಲ್ಲ" ಅಂದ್ರಿ.
ಆ ಮಾತು ಆಡಬಾರದಿತ್ತು ನಾನು. ಕ್ಷಮಿಸಿ ಅಕ್ಕ...

ಮಧ್ಯಾಹ್ನ ಎಲ್ಲ ಮುಗೀತು.
ಹೊರಡೋ ಮುಂಚೆ ಚಿಕ್ಕಣ್ಣನೋರ ಪಕ್ಕ ಕೂತೆ. ಯಾರು ಅಂದ್ರು. ಜೆರಾಕ್ಸ್ ಅಂಗಡಿ ಸವಿತಾ ತಾತ ಅಂದೆ.
ನನ್ನ ಕೈ ಹಿಡ್ಕೊಂಡ್ರು.
"ಮೊದಲನೇ ಚಮಚದಲ್ಲೇ ಗೊತ್ತಾಗಿತ್ತು ಕಣಮ್ಮ ನನಗೆ. ಅವಳ ಕೈ ನನಗೆ ಗೊತ್ತಿಲ್ವ...
ಚೆನ್ನಾಗದೆ ಚೆನ್ನಾಗದೆ ಅಂತ ಆ ಹೊಸಬನಿಗೇ ಹೇಳ್ತಾ ಕೂತೆ.
ನನ್ನ ಮಗಳಿಗೆ ಅಂತ ಒಂದು ದಿನಾನೂ ಹೇಳಲಿಲ್ಲ."



ಹೋಗಿ ಬನ್ನಿ ಗೌರಕ್ಕ.
ಎಲ್ಲಿದ್ದರೂ ನಿಮ್ಮ ಜೀವ ತಣ್ಣಗಿರಲಿ. 🙏

ಸವಿತಾ